ಗೆಳೆಯನ ನುಡಿ: ಹೊರೇಸ್ ಮತ್ತು ಬೇಂದ್ರೆಯವರ ಭಾವಗೀತೆಗಳಲ್ಲಿ ವಿವೇಕ ಹಾಗೂ ವಿನೋದ

1

ದ.ರಾ. ಬೇಂದ್ರೆಯವರ (1896–1981) ಕಾವ್ಯವನ್ನು ಕುರಿತ ಮಾತು ಕನ್ನಡದಲ್ಲಿ ಎರಡು ಹೊಳೆಗಳಾಗಿ ಹರಿದುಬಂದಿದೆ. ಒಂದು ವಿದ್ವತ್ತಿನ ಹೊಳೆ. ಅಲ್ಲಿ ಬೇಂದ್ರೆಯವರು ದಾರ್ಶನಿಕ ಕವಿ, ವರಕವಿ, ಶಬ್ದಬ್ರಹ್ಮದ ಉಪಾಸಕರು. ಇನ್ನೊಂದು ಜನರ ನೆನಪಿನ ಹೊಳೆ. ಧಾರವಾಡದ ಓಣಿಗಳಲ್ಲಿ, ಸಭೆ ಮುಗಿದ ಮೇಲಿನ ಹರಟೆಗಳಲ್ಲಿ ಅವರು ಮಾತಿಗೆ ಮಾತು ಜೋಡಿಸಿ ಎದುರಾಳಿಯ ಬಾಯಿ ಮುಚ್ಚಿಸುತ್ತಿದ್ದ ಚತುರರಾಗಿ, ನಗಿಸಿ ನಗುತ್ತಿದ್ದ ಹಿರಿಯರಾಗಿ ಉಳಿದಿದ್ದಾರೆ. ಮೊದಲನೆಯ ಹೊಳೆಯಲ್ಲಿ ನಗೆಗೆ ಎಡೆ ಕಡಿಮೆ. ಎರಡನೆಯದರಲ್ಲಿ ಕವಿತೆಗೇ ಎಡೆ ಕಡಿಮೆ. ವಿವೇಕವು ಗ್ರಂಥಾಲಯಕ್ಕೂ ವಿನೋದವು ಕಟ್ಟೆಗೂ ಹಂಚಿಹೋಗಿರುವ ಈ ಸ್ಥಿತಿಯಲ್ಲಿ ನಷ್ಟವಾಗಿರುವುದು ಕವಿತೆಯ ಓದಿಗೆ ಎಂಬುದು ಪ್ರಸ್ತುತ ಲೇಖನದ ನಿಲುವು.

ಈ ನಷ್ಟದ ಸ್ವರೂಪವನ್ನು ಅರಿಯಲು ಇದೇ ಬಗೆಯ ವಿಧಿಗೆ ಈಡಾದ ಮತ್ತೊಬ್ಬ ಕವಿಯ ನಿದರ್ಶನ ನೆರವಿಗೆ ಬರುತ್ತದೆ. ಅವನು ಪ್ರಾಚೀನ ರೋಮಿನ ಭಾವಗೀತಕಾರ ಹೊರೇಸ್ (ಕ್ರಿ.ಪೂ. 65–8). ಎರಡು ಸಾವಿರ ವರ್ಷಗಳ ಕಾಲ ಯುರೋಪಿನ ಶಾಲೆಗಳು ಅವನ ಕಾವ್ಯದಿಂದ ಸೂಕ್ತಿಗಳನ್ನು ಬಿಡಿಸಿ ಮಕ್ಕಳಿಗೆ ಬಾಯಿಪಾಠ ಮಾಡಿಸಿದವು. ದಿನವನ್ನು ಹಣ್ಣಿನಂತೆ ಕಿತ್ತು ಸವಿಯಬೇಕೆಂಬ ಅವನ ಸಲಹೆ ಇಂದು ಜಾಹೀರಾತಿನ ಮಾತಾಗಿದೆ. ಸೂಕ್ತಿಯಾದದ್ದರಲ್ಲಿ ತಿಳಿವು ಉಳಿಯಿತು. ಆ ತಿಳಿವನ್ನು ಆಡಿದ ದನಿ, ದನಿಯೊಳಗಿನ ಕಿರುನಗೆ ಹೋಯಿತು.

ಇಲ್ಲಿ ಪ್ರಭಾವದ ಪ್ರಶ್ನೆಯನ್ನು ಎತ್ತುತ್ತಿಲ್ಲ. ಇಬ್ಬರು ಕವಿಗಳ ಕಾಲ, ಸಮಾಜ, ಭಾಷೆಗಳು ಪೂರ್ತಿ ಬೇರೆ. ಆದರೆ ವಿನೋದವು ವಿವೇಕಕ್ಕೆ ತೊಡಿಸಿದ ಒಡವೆಯೋ ಅಥವಾ ವಿವೇಕವು ಮೈತಳೆಯುವ ರೀತಿಯೋ ಎಂಬ ಪ್ರಶ್ನೆಗೆ ಇಬ್ಬರ ಕವಿತೆಗಳೂ ಒಂದೇ ಉತ್ತರವನ್ನು ಕೊಡುತ್ತವೆ. ಆ ಉತ್ತರವನ್ನು ಕೆಲವು ಕವಿತೆಗಳ ಮೂಲಕ ಪರಿಶೀಲಿಸುವುದು ಇಲ್ಲಿನ ಉದ್ದೇಶ.

2

ಮಮ್ಮಟನು 'ಕಾವ್ಯಪ್ರಕಾಶ'ದಲ್ಲಿ ಉಪದೇಶದ ಮೂರು ಬಗೆಗಳನ್ನು ಹೇಳುವುದು ವಿದ್ವಾಂಸರಿಗೆ ತಿಳಿದೇ ಇದೆ. ವೇದವು ಪ್ರಭುವಿನಂತೆ ಆಜ್ಞಾಪಿಸುತ್ತದೆ; ಪುರಾಣೇತಿಹಾಸಗಳು ಸುಹೃದನಂತೆ, ಅಂದರೆ ಗೆಳೆಯನಂತೆ ತಿಳಿಹೇಳುತ್ತವೆ; ಕಾವ್ಯವು ಕಾಂತೆಯಂತೆ ಒಲಿಸಿ ಮನಗಾಣಿಸುತ್ತದೆ. ಹೊರೇಸನ 'ಕಾವ್ಯಕಲೆ' ಎಂಬ ಪದ್ಯಪತ್ರದಲ್ಲಿ ಉಪಯುಕ್ತವಾದುದನ್ನೂ ಸವಿಯಾದುದನ್ನೂ ಬೆರೆಸಬಲ್ಲವನೇ ಗೆಲ್ಲುತ್ತಾನೆಂಬ ಮಾತಿದೆ. ಅದನ್ನು ಕಾಂತಾಸಮ್ಮಿತದೊಂದಿಗೆ ಹೋಲಿಸುವುದು ಸುಲಭ. ಆದರೆ ಹೊರೇಸನ ಕಾವ್ಯವನ್ನು ಓದಿದಾಗ ಕಿವಿಗೆ ಬೀಳುವುದು ಕಾಂತೆಯ ದನಿಗಿಂತ ಗೆಳೆಯನ ದನಿ. ಮಮ್ಮಟನು ಪುರಾಣಕ್ಕೆ ಬಿಟ್ಟುಕೊಟ್ಟ ಸುಹೃತ್ಸಮ್ಮಿತವನ್ನು ಅವನು ಭಾವಗೀತೆಗೆ ತಂದನೆನ್ನಬೇಕು.

ಅವನ ಪ್ರಗಾಥಗಳಲ್ಲಿ ಬಹುಪಾಲು ಯಾರಾದರೊಬ್ಬರನ್ನು ಹೆಸರಿಡಿದು ಕರೆದು ಆಡಿದವು. ಲ್ಯೂಕೊನೊಯಿ, ಫಸ್ಕಸ್, ಲಿಸಿನಿಯಸ್, ಟಾರ್ಕ್ವೇಟಸ್, ವರ್ಜಿಲ್ ಹೀಗೆ ಪ್ರತಿ ಕವಿತೆಗೂ ಎದುರಿಗೊಬ್ಬ ಕೇಳುಗ ಇದ್ದಾನೆ. ಗೆಳೆಯನಿಗೆ ಬುದ್ಧಿ ಹೇಳುವವನು ಪೀಠದ ಮೇಲೆ ಕೂತು ಹೇಳಲಾರ. ತಾನೂ ಅದೇ ದೋಷದಲ್ಲಿ ಪಾಲುದಾರ ಎಂದು ಒಪ್ಪಿಕೊಂಡು ಹೇಳಬೇಕು. ಆ ಒಪ್ಪಿಗೆಯ ರೂಪವೇ ನಗೆ. ಹೊರೇಸ್ ತನ್ನನ್ನು ಎಪಿಕ್ಯೂರಸನ ಹಿಂಡಿನ ಮಿರುಗುವ ಹಂದಿಯೆಂದು ಕರೆದುಕೊಂಡ. ಕುಳ್ಳ, ಅಕಾಲದಲ್ಲಿ ತಲೆ ನರೆತವನು, ಬೇಗ ಸಿಟ್ಟಾಗಿ ಬೇಗ ತಣ್ಣಗಾಗುವವನು ಎಂದು ತನ್ನ ಚಿತ್ರ ಬರೆದುಕೊಂಡ. ಕ್ರಿ.ಪೂ. 42ರಲ್ಲಿ ಫಿಲಿಪ್ಪಿಯ ಕಾಳಗದಲ್ಲಿ ಬ್ರೂಟಸನ ಪಕ್ಷದ ಸೇನಾಧಿಕಾರಿಯಾಗಿದ್ದವನು, ಸೋತು ಓಡುವಾಗ ಗುರಾಣಿಯನ್ನು ಅಲ್ಲಿಯೇ ಬಿಟ್ಟುಬಂದೆನೆಂದು ಮುಂದೆ ಪ್ರಗಾಥವೊಂದರಲ್ಲಿ ನಗುತ್ತ ಹೇಳಿದ. ಗೆದ್ದ ಪಕ್ಷದ ಆಳ್ವಿಕೆಯಲ್ಲಿ, ಪಿತ್ರಾರ್ಜಿತ ಭೂಮಿಯನ್ನು ಕಳೆದುಕೊಂಡು ಗುಮಾಸ್ತಿಕೆ ಹಿಡಿದು ಬದುಕಿದವನು ಆಡಿದ ಈ ನಗೆಮಾತು ಹಗುರವಾದುದಲ್ಲ.

ಬೇಂದ್ರೆಯವರ ಪಾಲಿಗೆ ಗೆಳೆತನವು ಬರಿಯ ವಸ್ತುವಾಗಿರಲಿಲ್ಲ. 1922ರಲ್ಲಿ ಧಾರವಾಡದಲ್ಲಿ ರೂಪುಗೊಂಡ 'ಗೆಳೆಯರ ಗುಂಪು' ಅದಕ್ಕೊಂದು ಸಾಮಾಜಿಕ ಆಕಾರವನ್ನೇ ಕೊಟ್ಟಿತು. ವಿ.ಕೃ. ಗೋಕಾಕ, ಶಂ.ಬಾ. ಜೋಶಿ, ರಂ.ಶ್ರೀ. ಮುಗಳಿ, ಬೆಟಗೇರಿ ಕೃಷ್ಣಶರ್ಮ ಮೊದಲಾದವರ ಆ ಬಳಗದಲ್ಲಿ ಕವಿತೆಯು ಮೊದಲು ಕೇಳುವ ವಸ್ತುವಾಗಿತ್ತು, ಆಮೇಲೆ ಅಚ್ಚಿನ ವಸ್ತು. ಎದುರಿಗೆ ಕೇಳುಗರಿದ್ದಾರೆಂಬ ಅರಿವು ಬೇಂದ್ರೆಯವರ ಪದ್ಯಬಂಧದಲ್ಲಿಯೇ ಇದೆ. ಕರೆ, ಪ್ರಶ್ನೆ, ಕೂಗಿ ತೋರಿಸುವಿಕೆ, ಉತ್ತರಕ್ಕಾಗಿ ಕಾಯುವಿಕೆ ಇವು ಅವರ ಪಲ್ಲವಿಗಳ ಸಾಮಾನ್ಯ ರೂಪಗಳು.

ಇಬ್ಬರೂ ತಮ್ಮ ಹುಟ್ಟನ್ನು ಹೇಳಿಕೊಂಡ ಬಗೆಯಲ್ಲಿಯೂ ಒಂದು ಸಾಮ್ಯವಿದೆ. ಹೊರೇಸನ ತಂದೆ ದಾಸ್ಯದಿಂದ ಬಿಡುಗಡೆ ಹೊಂದಿದವನು, ಹರಾಜಿನ ಹಣ ವಸೂಲಿ ಮಾಡುತ್ತಿದ್ದವನು. ರೋಮಿನ ಶ್ರೀಮಂತರ ನಡುವೆ ಅದು ಮುಚ್ಚಿಡಬೇಕಾದ ಸಂಗತಿ. ಹೊರೇಸ್ ಮುಚ್ಚಿಡಲಿಲ್ಲ, ಬೇರೆ ತಂದೆಯನ್ನು ಆರಿಸಿಕೊಳ್ಳುವ ಅವಕಾಶ ಸಿಕ್ಕಿದರೂ ತನಗೆ ಇವನೇ ಸಾಕೆಂದು ತನ್ನ ಆಶ್ರಯದಾತ ಮೀಸಿನಸನ ಮುಂದೆಯೇ ಬರೆದ. ಬೇಂದ್ರೆಯವರು ತಾಯಿ ಅಂಬಿಕೆಯ ಹೆಸರಿನಿಂದ ತಮ್ಮನ್ನು ಅಂಬಿಕಾತನಯದತ್ತನೆಂದು ಕರೆದುಕೊಂಡರು. ಒಬ್ಬನು ತಂದೆಯ ಮಗನಾಗಿ, ಇನ್ನೊಬ್ಬರು ತಾಯಿಯ ಮಗನಾಗಿ ಕಾವ್ಯದೊಳಗೆ ನಿಂತರು. ಅಧಿಕಾರದ ಹೆಸರಿನಲ್ಲಿ ಮಾತಾಡದೆ ಮಗನ ಹೆಸರಿನಲ್ಲಿ ಮಾತಾಡುವವನಿಗೆ ಗೆಳೆಯನ ದನಿ ಸಹಜವಾಗಿ ಒದಗುತ್ತದೆ.

3

ದನಿ ತಪ್ಪಿದರೆ ಕವಿತೆಗೆ ಏನಾಗುತ್ತದೆಂಬುದನ್ನು ಎರಡು ನಿದರ್ಶನಗಳು ಸ್ಪಷ್ಟಪಡಿಸುತ್ತವೆ.

ಹೊರೇಸನ ಮೊದಲ ಪುಸ್ತಕದ ಇಪ್ಪತ್ತೆರಡನೆಯ ಪ್ರಗಾಥ ಘನಗಂಭೀರವಾಗಿ ಆರಂಭವಾಗುತ್ತದೆ. ಬಾಳು ಶುದ್ಧವಾಗಿರುವವನಿಗೆ ಆಯುಧ ಬೇಡ. ಸುಡುವ ಮರಳುಗಾಡಿನಲ್ಲಾಗಲಿ, ಕಾಕಸಸ್ ಪರ್ವತದಲ್ಲಾಗಲಿ, ಕಥೆಗಳಲ್ಲಿ ಕೇಳಿದ ಹೈಡಾಸ್ಪೀಸ್ ನದಿಯ, ಎಂದರೆ ನಮ್ಮ ಝೀಲಂನ ದಡದಲ್ಲಾಗಲಿ ಅವನಿಗೆ ಭಯವಿಲ್ಲ ಎಂಬುದು ಅದರ ಪೂರ್ವಾರ್ಧ. ಇದಕ್ಕೆ ಆಧಾರವೇನು? ತಾನು ಕಾಡಿನಲ್ಲಿ ಲಾಲಗೆ ಎಂಬ ಹುಡುಗಿಯನ್ನು ಕುರಿತು ಹಾಡುತ್ತ ಮೈಮರೆತು ಅಲೆಯುತ್ತಿದ್ದಾಗ ನಿರಾಯುಧನಾದ ತನ್ನನ್ನು ಕಂಡು ತೋಳವೊಂದು ಓಡಿಹೋಯಿತಂತೆ! ಆದ್ದರಿಂದ ಲೋಕದ ಯಾವ ಮೂಲೆಗೆ ಒಯ್ದು ಬಿಟ್ಟರೂ ತಾನು ಆ ನಗೆಮೊಗದ, ಸವಿಮಾತಿನ ಹುಡುಗಿಯನ್ನು ಒಲಿಯುತ್ತಲೇ ಇರುವೆನೆಂದು ಕವಿತೆ ಮುಗಿಯುತ್ತದೆ. ನೀತಿಯ ಸಿದ್ಧಾಂತಕ್ಕೆ ತೋಳದ ಸಾಕ್ಷ್ಯ! ಕವಿತೆಯನ್ನು ಕೇಳಿಸಿಕೊಳ್ಳುತ್ತಿರುವ ಫಸ್ಕಸನು ಸಾಮಾನ್ಯನಲ್ಲ. ಹೊರೇಸನ ಒಂದು ವಿಡಂಬನೆಯಲ್ಲಿ, ಬೆನ್ನುಹತ್ತಿದ ಕೊರೆಗಾರನಿಂದ ತಪ್ಪಿಸೆಂದು ಕವಿ ಕಣ್ಸನ್ನೆ ಮಾಡಿದಾಗ ಅರ್ಥವಾಗದವನಂತೆ ನಟಿಸಿ ಜಾರಿಕೊಂಡ ಕಿಡಿಗೇಡಿ ಗೆಳೆಯ ಇವನೇ. ಇಂಥವನ ಎದುರಿಗೆ ಹೇಳಿದ ಕವಿತೆಯನ್ನು 19ನೆಯ ಶತಮಾನದ ಜರ್ಮನಿಯಲ್ಲಿ, ಫ್ಲೆಮಿಂಗ್ ಎಂಬ ಸಂಗೀತಕಾರ ಕಟ್ಟಿದ ಮಂದ್ರ ಧಾಟಿಯಲ್ಲಿ, ಶವಸಂಸ್ಕಾರದ ವೇಳೆ ಹಾಡುವ ರೂಢಿ ಬಂದಿತು. ಮೊದಲಿನ ಗಂಭೀರ ಪದ್ಯ ಉಳಿಯಿತು, ತೋಳ ಮಾಯವಾಯಿತು.

ಬೇಂದ್ರೆಯವರ ಒಂದು ಕವಿತೆಗೆ ಇದರ ವಿರುದ್ಧ ದಿಕ್ಕಿನ ಗತಿಯಾಗಿದೆ. ಹೆಂಡತಿಯು ತನ್ನನ್ನು ನೋಡುವ ನೋಟವನ್ನು ತಾಳಲಾರದೆ ಗಂಡನು ಆಡುವ ಮಾತಿನ ರೂಪದ ಆ ಗೀತೆ ಕನ್ನಡಿಗರಿಗೆಲ್ಲ ಪರಿಚಿತ. ಮಗುವಿನ ಸಾವಿನ ಎದುರು ನಿಂತ ದಂಪತಿಯ ದುಃಖ ಅದರ ವಸ್ತು. ಕಣ್ಣಿಗೆ, ತುಟಿಗೆ ಹಳ್ಳಿಗಾಡಿನ ಹಣ್ಣುಗಳ ಹೋಲಿಕೆ ಬರುವುದರಿಂದಲೂ ಧಾಟಿಯ ಇಂಪಿನಿಂದಲೂ ಅದು ಅನೇಕರ ಕಿವಿಗೆ ಪ್ರಣಯಗೀತೆಯಾಗಿ ಬಿದ್ದಿದೆ. ಆದರೆ ಆ ಹೋಲಿಕೆಗಳು ಹಿಂದಿನ ಚೆಲುವನ್ನು ನೆನೆದು ಈಗಿನ ಬಾಡಿದ ಮುಖವನ್ನು ಕಾಣುವ ಸಂಕಟದ ಮಾತುಗಳು. ಹಗಲಿನ ಬಾನಿನಲ್ಲಿ ಹುಣ್ಣಿಮೆಯ ಚಂದ್ರನು ಹೆಣವಾಗಿ ತೇಲುವ ಪ್ರತಿಮೆಯನ್ನು ಕೇಳಿಯೂ ಇದನ್ನು ಒಲವಿನ ಹಾಡೆಂದು ತಿಳಿಯಬೇಕಾದರೆ ಕಿವಿಯು ಧಾಟಿಗೆ ಸೋತು ಮಾತನ್ನು ಬಿಟ್ಟಿರಬೇಕು.

ಹೀಗೆ ಒಂದೆಡೆ ನಗೆಯ ಕವಿತೆ ಶೋಕಗೀತೆಯಾಯಿತು, ಇನ್ನೊಂದೆಡೆ ಶೋಕಗೀತೆ ಪ್ರಣಯಗೀತೆಯಾಯಿತು. ಎರಡರಲ್ಲಿಯೂ ತಪ್ಪಿದ್ದು ಒಂದೇ. ಯಾರು, ಯಾರಿಗೆ, ಯಾವ ದನಿಯಲ್ಲಿ ಹೇಳುತ್ತಿದ್ದಾರೆಂಬ ಅರಿವು ಕಳಚಿಹೋಯಿತು. ಬೇಂದ್ರೆಯವರ ಈ ಗೀತೆಗೆ ಪ್ರಸ್ತುತ ಚರ್ಚೆಯಲ್ಲಿ ಇನ್ನೂ ಒಂದು ಮಹತ್ತ್ವವಿದೆ. ನಗೆಯಿಂದ ದುಃಖವನ್ನು ಮರೆಸುವುದು ಬೇಡ, ಅಳು ಬಂದರೆ ಅತ್ತುಬಿಡಬೇಕು ಎಂಬ ಅರ್ಥದ ಮಾತು ಅದರೊಳಗಿದೆ. ನಗೆಯನ್ನು ಬಲ್ಲ ಕವಿ ನಗೆ ಎಲ್ಲಿ ನಿಲ್ಲಬೇಕೆಂಬುದನ್ನೂ ಬಲ್ಲ. ಹೊರೇಸನೂ ಅಷ್ಟೇ. ಕ್ವಿಂಟಿಲಿಯಸ್ ಎಂಬ ಗೆಳೆಯ ತೀರಿಕೊಂಡಾಗ ವರ್ಜಿಲನನ್ನು ಸಂತೈಸಲು ಬರೆದ ಪ್ರಗಾಥದಲ್ಲಿ ಒಂದು ಎಳೆ ವಿನೋದವೂ ಇಲ್ಲ. ಬದಲಿಸಲಾಗದ್ದನ್ನು ತಾಳ್ಮೆ ಹಗುರ ಮಾಡುತ್ತದೆಂಬ ಬಡ ಸಮಾಧಾನವನ್ನಷ್ಟೇ ಅದು ಕೊಡುತ್ತದೆ. ಈ ಕ್ವಿಂಟಿಲಿಯಸನೇ 'ಕಾವ್ಯಕಲೆ'ಯಲ್ಲಿ ಪ್ರಾಮಾಣಿಕ ವಿಮರ್ಶಕನ ಮಾದರಿಯಾಗಿ ಬರುತ್ತಾನೆ. ಗೆಳೆಯರ ಪದ್ಯ ಕೇಳಿ, ಇದನ್ನು ತಿದ್ದು, ಅದನ್ನು ತಿದ್ದು ಎಂದು ಮುಲಾಜಿಲ್ಲದೆ ಹೇಳುತ್ತಿದ್ದವನು ಅವನು.

4

ಹಣದ ವಿಷಯದಲ್ಲಿ ವಿವೇಕದ ಮಾತು ಹೇಳದ ಕವಿಗಳು ಅಪರೂಪ. ನಮ್ಮಲ್ಲಿ ಸರ್ವಜ್ಞನ ತ್ರಿಪದಿಗಳಿಂದಲೇ ಅದಕ್ಕೊಂದು ಪರಂಪರೆಯಿದೆ. ಹೊರೇಸನ ಮೊದಲ ವಿಡಂಬನೆ (ಕ್ರಿ.ಪೂ. 35ರ ಸುಮಾರಿನ ಸಂಪುಟದ್ದು) ಲೋಭವನ್ನು ಕುರಿತದ್ದು. ತನ್ನ ಪಾಲಿಗೆ ಬಂದುದರಲ್ಲಿ ಯಾರಿಗೂ ತೃಪ್ತಿಯಿಲ್ಲವೇಕೆ ಎಂದು ಆರಂಭಿಸಿ, ನಗುತ್ತ ನಿಜ ಹೇಳಲು ಯಾವ ಅಡ್ಡಿಯೆಂದು ಕೇಳಿ, ನೀರಿನ ನಡುವೆ ಬಾಯಾರಿ ನಿಂತ ಟ್ಯಾಂಟಲಸನ ಕಥೆಯನ್ನು ಎತ್ತುತ್ತದೆ. ಕೇಳುಗ ನಗುತ್ತಾನೆ. ಆ ಕ್ಷಣವೇ ಕವಿ ತಿರುಗಿ, ಹೆಸರು ಬದಲಿಸಿದರೆ ಕಥೆ ನಿನ್ನದೇ ಅಲ್ಲವೇ ಎನ್ನುತ್ತಾನೆ. ನಗೆಯು ಇಲ್ಲಿ ಬಲೆ. ಬೇರೆಯವನನ್ನು ಕುರಿತು ನಗುತ್ತ ಮೈಬಿಟ್ಟವನು ತನ್ನನ್ನೇ ಎದುರಿಗೆ ಕಾಣುತ್ತಾನೆ. ಉಪದೇಶವು ಗೆಲ್ಲಲಾರದ ಕೋಟೆಗೆ ನಗೆಯು ಹೀಗೆ ಹಿಂಬಾಗಿಲಿನಿಂದ ಪ್ರವೇಶಿಸುತ್ತದೆ.

'ಕುರುಡು ಕಾಂಚಾಣಾ' ಇದಕ್ಕಿಂತ ಮುಂದೆ ಹೋಗುತ್ತದೆ. ಅಲ್ಲಿ ಲೋಭಿಯೊಬ್ಬನ ಚಿತ್ರವಿಲ್ಲ. ಹಣವೇ ದೇವತೆಯಂತೆ ಮೈದುಂಬಿ ಕುಣಿಯುತ್ತದೆ. ಆ ಕುಣಿತದ ಗತಿ ಜಾತ್ರೆಯ ಮೇಳದ್ದು. ಕೇಳುಗನ ಕಾಲು ತಾನಾಗಿ ತಾಳ ಹಾಕುತ್ತದೆ. ಅಷ್ಟರಲ್ಲಿ ಕುಣಿಯುವ ಕಾಲಿನ ಗೆಜ್ಜೆಯ ಬಿಳುಪು ಬಾಣಂತಿಯರ ಎಲುಬಿನದೆಂದೂ ಕೊರಳಿನ ಮಾಲೆಯ ಕವಡೆಗಳು ಹಸುಗೂಸುಗಳ ಕಣ್ಣುಗಳೆಂದೂ ತಿಳಿಯುತ್ತದೆ. ತಾಳ ಹಾಕಿದ ಕಾಲು ಕುಣಿತದಲ್ಲಿ ಪಾಲುಗೊಂಡಾಗಿದೆ. ಹೊರೇಸ್ ಮಾತಿನಲ್ಲಿ ಕೇಳಿದ ಪ್ರಶ್ನೆಯನ್ನು ಬೇಂದ್ರೆಯವರು ಲಯದಲ್ಲಿಯೇ ಕೇಳಿದರು.

ಈ ಕವಿತೆಯ ವಿನೋದದ ಮೂಲ ಕನ್ನಡದ ಒಂದು ನುಡಿಗಟ್ಟಿನಲ್ಲಿದೆ. 'ಕಾಲಿಗೆ ಬೀಳುವುದು' ಎಂದರೆ ನಮಸ್ಕರಿಸುವುದು, ಶರಣಾಗುವುದು. ಕುಣಿಯುತ್ತಿರುವ ಕುರುಡು ದೇವತೆಯ ಕಾಲಿಗೆ ಬಿದ್ದರೆ ಏನಾದೀತು? ತುಳಿತವೇ ಆದೀತು. ನುಡಿಗಟ್ಟಿನ ಲಾಕ್ಷಣಿಕ ಅರ್ಥದೊಳಗಿಂದ ವಾಚ್ಯಾರ್ಥವನ್ನು ಹೊರಗೆಳೆದು ತೋರಿಸುವ ಈ ಚಮತ್ಕಾರ ಒಂದು ಕ್ಷಣ ನಗಿಸುತ್ತದೆ. ಮರುಕ್ಷಣ ಒಂದು ಸಮಾಜದ ಅರ್ಥವ್ಯವಸ್ಥೆಯನ್ನೇ ವಿವರಿಸಿಬಿಡುತ್ತದೆ. ಶರಣಾದವರೇ ತುಳಿತಕ್ಕೆ ಸಿಗುತ್ತಾರೆ. ಕೊನೆಯಲ್ಲಿ ಕಾಂಚಾಣವು ಅಂಗಾತ ಬೀಳುತ್ತದೆ, ಅದನ್ನು ಹೆಗಲಿಗೆ ಏರಿಸುವ ಸೂಚನೆ ಬರುತ್ತದೆ. ಹೆಗಲಿಗೆ ಏರುವುದು ಪಲ್ಲಕ್ಕಿಯ ದೇವರೂ ಹೌದು, ಚಟ್ಟದ ಹೆಣವೂ ಹೌದು. ಯಾವುದೆಂದು ಕವಿ ಬಿಡಿಸಿ ಹೇಳುವುದಿಲ್ಲ. ಈ ಶ್ಲೇಷವನ್ನು ಕವಿತೆಯಿಂದ ತೆಗೆದರೆ ಕವಿತೆಯ ಅರ್ಥಶಾಸ್ತ್ರವೂ ಹೋಗುತ್ತದೆ. ಕುಂತಕನು ವಕ್ರೋಕ್ತಿಯನ್ನು ಕಾವ್ಯದ ಜೀವಿತವೆಂದದ್ದರ ಸತ್ಯ ಇಂಥಲ್ಲಿ ಮನದಟ್ಟಾಗುತ್ತದೆ.

ಇಬ್ಬರ ಸಾಮಗ್ರಿ ಬಂದ ದಾರಿಗಳು ಮಾತ್ರ ಬೇರೆ. ಹೊರೇಸ್ ಗ್ರೀಕ್ ಭಾಷೆಯ ಸ್ಯಾಫೊ ಮತ್ತು ಅಲ್ಕೇಯಸರ ಛಂದಸ್ಸುಗಳನ್ನು ಲ್ಯಾಟಿನ್ನಿಗೆ ತಂದು ಅದನ್ನೇ ತನ್ನ ಹೆಮ್ಮೆಯೆಂದು ಹೇಳಿಕೊಂಡ. ಮನೆಮಾತು ಮರಾಠಿಯಾಗಿದ್ದ ಬೇಂದ್ರೆಯವರು ಧಾರವಾಡದ ಆಡುಮಾತಿಗೆ, ಲಾವಣಿ, ತ್ರಿಪದಿ, ಗರತಿಯ ಹಾಡುಗಳ ಲಯಕ್ಕೆ ಕಿವಿಗೊಟ್ಟರು. ಅವರ ವಿನೋದದಲ್ಲಿ ಪಂಡಿತರ ಶ್ಲೇಷ ಹಾಗೂ ಓಣಿಯ 'ಚ್ಯಾಷ್ಟಿ' ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿವೆ.

5

ಕಾಲವನ್ನು ಕುರಿತ ಎರಡು ಕವಿತೆಗಳನ್ನು ಈಗ ಎದುರುಬದುರಾಗಿ ಇರಿಸಬಹುದು. ಹೊರೇಸನ ನಾಲ್ಕನೆಯ ಪುಸ್ತಕದ ಏಳನೆಯ ಪ್ರಗಾಥವನ್ನು ಇಂಗ್ಲಿಷ್ ಕವಿಯೂ ಲ್ಯಾಟಿನ್ ಪಂಡಿತನೂ ಆದ ಎ.ಇ. ಹೌಸ್‌ಮನ್ ಪ್ರಾಚೀನ ಸಾಹಿತ್ಯದಲ್ಲಿಯೇ ಅತ್ಯಂತ ಸುಂದರ ಕವಿತೆಯೆಂದು ಎಣಿಸಿದ್ದ. ಹಿಮ ಕರಗಿದೆ, ಹುಲ್ಲು ಚಿಗುರಿದೆ, ಋತುಗಳು ಸುತ್ತುತ್ತವೆ, ಕ್ಷಯಿಸಿದ ಚಂದ್ರ ಮತ್ತೆ ತುಂಬುತ್ತಾನೆ; ಮನುಷ್ಯನು ಬಿದ್ದರೆ ಮಾತ್ರ ಧೂಳು ಮತ್ತು ನೆರಳು. ಇಷ್ಟೇ ಆಗಿದ್ದರೆ ಇದು ಎಲ್ಲ ಭಾಷೆಗಳಲ್ಲಿಯೂ ಇರುವ ವೈರಾಗ್ಯದ ಮಾತು. ಆದರೆ ಕವಿತೆಯ ಕೇಳುಗ ಟಾರ್ಕ್ವೇಟಸ್ ಕುಲೀನ ಮನೆತನದವನು, ವಕೀಲ. ಹಬ್ಬದ ಮುನ್ನಾದಿನವಾದರೂ ಕಕ್ಷಿದಾರನನ್ನು ಬಿಟ್ಟು ಊಟಕ್ಕೆ ಬಾ ಎಂದು ಹೊರೇಸ್ ಇವನಿಗೇ ಇನ್ನೊಂದು ಪತ್ರ ಬರೆದಿದ್ದಾನೆ. ಪ್ರಗಾಥದಲ್ಲಿ ಅವನಿಗೆ ಹೇಳುವುದು ಇದು: ಪರಲೋಕದ ನ್ಯಾಯಾಧೀಶ ಮೈನಾಸನ ತೀರ್ಪು ಒಮ್ಮೆ ಹೊರಬಿದ್ದರೆ ನಿನ್ನ ಕುಲವಾಗಲಿ, ವಾಗ್ಮಿತೆಯಾಗಲಿ, ಭಕ್ತಿಯಾಗಲಿ ನಿನ್ನನ್ನು ಮರಳಿ ತಾರವು. ಅಂದರೆ, ವಕೀಲರೇ, ಆ ಕೋರ್ಟಿನಲ್ಲಿ ಮೇಲ್ಮನವಿ ಇಲ್ಲ. ಸಾವಿನ ಮಾತು ಹೀಗೆ ವೃತ್ತಿಯ ಚೇಷ್ಟೆಯಾಗಿ ಬಂದಾಗ ಅದು ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ಸತ್ಯವಾಗಿ ತೇಲಿಹೋಗದೆ, ಒಬ್ಬನ ಎದೆಗೆ ತಾಗುತ್ತದೆ.

ಬೇಂದ್ರೆಯವರ 'ಯುಗಾದಿ' ಕನ್ನಡ ನಾಡಿನಲ್ಲಿ ಹಬ್ಬದ ಶುಭಾಶಯವೇ ಆಗಿಬಿಟ್ಟಿದೆ. 1963ರ 'ಕುಲವಧು' ಚಲನಚಿತ್ರದ ಹಾಡಾದ ಮೇಲೆ ಅದರ ಪ್ರಸಾರ ಇನ್ನೂ ಹೆಚ್ಚಿತು. ಪ್ರತಿ ಚೈತ್ರದಲ್ಲಿ ಅದರ ಮೊದಲ ಸಾಲುಗಳು ಕರಪತ್ರಗಳಲ್ಲಿ, ಫಲಕಗಳಲ್ಲಿ ಕಾಣಿಸುತ್ತವೆ. ಆದರೆ ಕವಿತೆಯನ್ನು ಪೂರ್ತಿ ಓದಿದರೆ ಅದು ಶುಭಾಶಯವಾಗಿ ನಿಲ್ಲುವುದಿಲ್ಲ. ವರ್ಷಕ್ಕೆ ಮರಳಿ ಮರಳಿ ಹೊಸ ಹುಟ್ಟು. ಮನುಷ್ಯನಿಗೆ ಒಂದೇ ಬಾಲ್ಯ, ಒಂದೇ ಹರೆಯ. ಪ್ರತಿ ನಿದ್ರೆಯೂ ಒಂದು ಸಾವಾಗಿ ಪ್ರತಿ ಎಚ್ಚರವೂ ಒಂದು ಹುಟ್ಟಾಗುವ ಭಾಗ್ಯ ನಮಗೇಕಿಲ್ಲವೆಂದು ಕವಿ ಕೇಳುತ್ತಾರೆ. ಯಾರನ್ನು? ಸದಾ ಬಾಲಕನಾಗಿಯೇ ಉಳಿದ ಸನತ್ಕುಮಾರನನ್ನು! ಎಂದೂ ಮುಪ್ಪಾಗದವನ ಮುಂದೆ ಮುಪ್ಪಿನ ದೂರು. ಚಿರಂಜೀವಿಗೆ ಈ ಆಟ ಹಿಡಿಸುವುದಿಲ್ಲವೇ ಎಂಬ ಕೊಂಕು ಬೇರೆ. ಆಮೇಲೆ ಹಬ್ಬದ ಪಲ್ಲವಿ ಮರಳುತ್ತದೆ; ಆದರೆ ಈಗ ಅದರ ಬಾಲಕ್ಕೆ ಒಂದು ಪುಟ್ಟ ತುಣುಕು ಸೇರಿರುತ್ತದೆ. ಎಲ್ಲವನ್ನೂ ಹೊಸದಾಗಿಸುವ ಹಬ್ಬದ ಆಮಂತ್ರಣದ ಯಾದಿಯಲ್ಲಿ ಮನುಷ್ಯನ ಹೆಸರೊಂದು ಬಿಟ್ಟುಹೋಗಿದೆ ಎಂಬಂಥ ದೂರು ಅದು. ಮದುವೆಗೆ ಕರೆ ಬಾರದ ನೆಂಟನ ಮುನಿಸಿನ ಧಾಟಿಯಲ್ಲಿ ಮರ್ತ್ಯತೆಯ ಮಾತು ಬಂದಿದೆ. ಮುನಿಸಿಕೊಂಡವನು ಹಬ್ಬವನ್ನು ನಿರಾಕರಿಸುವುದಿಲ್ಲ. ತನ್ನನ್ನೂ ಕರೆಯಬೇಕಿತ್ತೆಂದಷ್ಟೇ ಹೇಳುತ್ತಾನೆ. ಜೀವನಪ್ರೀತಿಯೂ ಸಾವಿನ ಅರಿವೂ ಇಷ್ಟು ಹತ್ತಿರ ಬಂದು ನಿಂತಿರುವುದು ಆ ಧಾಟಿಯ ಬಲದಿಂದ. ಕೊನೆಯ ತುಣುಕನ್ನು ಕತ್ತರಿಸಿ ಮೊದಲ ಸಾಲುಗಳನ್ನು ಮಾತ್ರ ಉಳಿಸಿಕೊಂಡ ನಮ್ಮ ಹಬ್ಬದ ಬಳಕೆ, ತೋಳವನ್ನು ಬಿಟ್ಟು ಪ್ರಗಾಥವನ್ನು ಹಾಡಿದ ಜರ್ಮನ್ ರೂಢಿಯ ಸಹೋದರನೇ ಆಗಿದೆ.

6

ಇಷ್ಟು ಹೇಳಿದ ಮೇಲೆ ಈ ವಿವೇಕದ ಮಿತಿಗಳನ್ನು ಕುರಿತು ಮೌನ ತಾಳುವುದು ಸರಿಯಲ್ಲ. ಹೊರೇಸನ ಮಧ್ಯಮಮಾರ್ಗ ಸುಖವಾಗಿ ಕುಳಿತವನ ಉಪದೇಶವೆಂಬ ಆಕ್ಷೇಪ ಹಳೆಯದು. ಮೀಸಿನಸನು ಕೊಟ್ಟ ಸಬೈನ್ ಬೆಟ್ಟಗಳ ಜಮೀನು ಅವನ ನೆಮ್ಮದಿಗೆ ಆಧಾರವಾಗಿತ್ತು; ಆ ಜಮೀನಿನಲ್ಲಿ ದುಡಿಯುತ್ತಿದ್ದವರು ಎಂಟು ಜನ ದಾಸರು. ಈ ಅಂಕಿ ನಮಗೆ ಸಿಗುವುದು ಹೊರೇಸನ ಬಾಯಿಂದಲೇ. ಅವನ ಒಂದು ವಿಡಂಬನೆಯಲ್ಲಿ, ದಾಸರಿಗೆ ಮಾತಿನ ಸ್ವಾತಂತ್ರ್ಯವಿದ್ದ ಸ್ಯಾಟರ್ನೇಲಿಯಾ ಹಬ್ಬದ ದಿನ ಡೇವಸ್ ಎಂಬ ದಾಸ ಒಡೆಯನ ಎದುರು ನಿಂತು, ಸ್ವಾತಂತ್ರ್ಯದ ಬಗ್ಗೆ ಉಪದೇಶಿಸುವ ನೀನೇ ನಿನ್ನ ಆಸೆಗಳ ದಾಸನೆಂದು ಸಿದ್ಧಪಡಿಸುತ್ತಾನೆ. ಉತ್ತರ ತೋಚದ ಒಡೆಯ ಸಿಟ್ಟಿಗೆದ್ದು, ಇಲ್ಲಿಂದ ತೊಲಗದಿದ್ದರೆ ಸಬೈನ್ ಹೊಲದಲ್ಲಿ ಒಂಬತ್ತನೆಯ ಆಳಾಗುವೆ ಎಂದು ಹೆದರಿಸುವಲ್ಲಿ ಪದ್ಯ ಮುಗಿಯುತ್ತದೆ. ವಾದದಲ್ಲಿ ದಾಸ ಗೆದ್ದ, ಅಧಿಕಾರದಲ್ಲಿ ಒಡೆಯ ಉಳಿದ. ತನ್ನ ವಿವೇಕ ಯಾರ ದುಡಿಮೆಯ ಮೇಲೆ ನಿಂತಿದೆಯೆಂಬುದನ್ನು ಹೊರೇಸನ ನಗೆ ಬಯಲುಮಾಡಿತು. ವ್ಯವಸ್ಥೆಯನ್ನು ಬದಲಿಸುವ ಬಲ ಆ ನಗೆಗೆ ಇರಲಿಲ್ಲ; ಸುಳ್ಳು ಹೇಳದಿರುವ ಬಲ ಇತ್ತು. ಮಧ್ಯಮಮಾರ್ಗದ ಪ್ರಸಿದ್ಧ ಪ್ರಗಾಥದ ಕೇಳುಗ ಲಿಸಿನಿಯಸನನ್ನು, ಆಗಸ್ಟಸನ ವಿರುದ್ಧದ ಪಿತೂರಿಯ ಆರೋಪದಲ್ಲಿ ಪ್ರಾಣ ಕಳೆದುಕೊಂಡ ಲಿಸಿನಿಯಸ್ ಮುರೇನನೆಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ನಡುಗಡಲಿಗೂ ಹೋಗಬೇಡ, ಬಂಡೆಯ ದಡಕ್ಕೂ ತೀರ ಹತ್ತಿರ ಬರಬೇಡ ಎಂಬ ಆ ಸಲಹೆಯ ಹಿಂದೆ ಬಿರುಗಾಳಿ ನಿಜವಾಗಿಯೇ ಇತ್ತು.

ಬೇಂದ್ರೆಯವರಿಗೆ ಇಂಥ ಜಮೀನು ದೊರೆಯಲಿಲ್ಲ. 'ನರಬಲಿ' ಕವಿತೆಗಾಗಿ 1932ರಲ್ಲಿ ಬ್ರಿಟಿಷ್ ಸರಕಾರ ಅವರನ್ನು ಹಿಂಡಲಗಾ ಸೆರೆಮನೆಗೆ ಕಳಿಸಿತು, ಆಮೇಲೆ ಧಾರವಾಡದ ಹತ್ತಿರದ ಮುಗದದಲ್ಲಿ ನಿರ್ಬಂಧದಲ್ಲಿರಿಸಿತು. ನೆಲೆಯಾದ ಉದ್ಯೋಗವಿಲ್ಲದ ವರ್ಷಗಳು ಅನಂತರ ಬಂದವು. 1944ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜು ಸೇರಿದ ಮೇಲೆ ಹನ್ನೆರಡು ವರ್ಷ ಅಲ್ಲಿ ಕಳೆದು, 1956ರಲ್ಲಿ ಆಕಾಶವಾಣಿಯ ಸಲಹೆಗಾರರಾಗಿ ಧಾರವಾಡಕ್ಕೆ ಮರಳಿದರು. ಹೊಟ್ಟೆಯನ್ನು 'ತುತ್ತಿನ ಚೀಲ' ಎಂದು ಕರೆಯುವ ಶೀರ್ಷಿಕೆಯ ಚೇಷ್ಟೆಯೊಳಗೆ ಹಸಿವಿನ ಪ್ರತ್ಯಕ್ಷ ಪರಿಚಯವಿದೆ. ಹೊರೇಸನ ವಿನೋದ ತೃಪ್ತಿಯನ್ನು ಪರೀಕ್ಷಿಸುತ್ತದೆ, ಬೇಂದ್ರೆಯವರದು ಅಭಾವವನ್ನು ಎದುರಿಸುತ್ತದೆ ಎಂದು ಇವರ ನಡುವಣ ವ್ಯತ್ಯಾಸವನ್ನು ಸೂತ್ರೀಕರಿಸಬಹುದು.

ಆದರೆ ಬೇಂದ್ರೆಯವರ ವಿನೋದಕ್ಕೂ ಅದರದೇ ಆದ ಅಪಾಯವಿತ್ತು. ಉತ್ತರಕಾಲದ ಅವರ ಕಾವ್ಯದಲ್ಲಿ ಪದಗಳನ್ನು ಒಡೆದು ಕೂಡಿಸುವ ಆಟ, ಸಂಖ್ಯೆಗಳ ಮೋಹ ಅನೇಕ ಕಡೆ ತನ್ನಷ್ಟಕ್ಕೆ ತಾನೇ ಓಡತೊಡಗುತ್ತದೆ. ಅಲ್ಲಿ ಕವಿಗೆ ಎದುರಿಗೊಬ್ಬ ಕೇಳುಗನಿದ್ದಾನೆಂಬ ಭಾವ ತೆಳುವಾಗುತ್ತದೆ. ಗೆಳೆಯನಿಗೆ ಆಡಿದ ಮಾತು ನುಡಿಯು ನುಡಿಯೊಂದಿಗೇ ಆಡಿಕೊಂಡ ಮಾತಾಗುತ್ತದೆ. ಶಬ್ದಕ್ರೀಡೆ ಹೆಚ್ಚಾಯಿತೆಂಬುದಷ್ಟೇ ಇಲ್ಲಿನ ದೋಷವಾಗಿದ್ದರೆ 'ಕುರುಡು ಕಾಂಚಾಣಾ' ಕೂಡ ದೂಷ್ಯವಾಗಬೇಕಿತ್ತು. ಕ್ರೀಡೆಯು ಯಾರನ್ನು ಉದ್ದೇಶಿಸಿದ್ದೆಂಬುದೇ ನಿಜವಾದ ಒರೆಗಲ್ಲು. 1973ರ ಜ್ಞಾನಪೀಠ ಪ್ರಶಸ್ತಿಯನ್ನು ತಂದ 'ನಾಕುತಂತಿ'ಯ (1964) ಶೀರ್ಷಿಕೆಯ ಕವಿತೆ ಈ ಒರೆಗಲ್ಲಿನಲ್ಲಿ ಗೆಲ್ಲುತ್ತದೆ. ಅದು ಅಧ್ಯಾತ್ಮದ ಅತಿ ಗಹನವಾದ ವಿಚಾರವನ್ನು ಮನೆಮನೆಯ ಸರ್ವನಾಮಗಳಿಂದಲೇ ನುಡಿಸುತ್ತದೆ. ಸರ್ವನಾಮವೆಂದರೆ ಸಂಬೋಧನೆಯ ವ್ಯಾಕರಣ. ಅಲ್ಲಿ ಎದುರಿನ ವ್ಯಕ್ತಿ ಇದ್ದೇ ಇರುತ್ತಾನೆ.

7

ಹೊರೇಸ್ ತನ್ನ ಮೊದಲ ಪತ್ರಸಂಪುಟದ (ಕ್ರಿ.ಪೂ. 20ರ ಸುಮಾರು) ಕೊನೆಯಲ್ಲಿ ಆ ಪುಸ್ತಕವನ್ನೇ ಮನೆಬಿಟ್ಟು ಪೇಟೆಗೆ ಹೋಗಲು ಹಾತೊರೆಯುವ ಹುಡುಗನೆಂಬಂತೆ ಮಾತಾಡಿಸುತ್ತಾನೆ. ಹೋಗು, ಮೊದಮೊದಲು ಎಲ್ಲರೂ ನಿನ್ನನ್ನು ಮುದ್ದಿಸುತ್ತಾರೆ. ಕೊನೆಗೆ ಮುಪ್ಪಿನಲ್ಲಿ ಊರ ಹೊರಗಿನ ಓಣಿಗಳಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತ ಕೂಡುವೆ ಎಂದು ಎಚ್ಚರಿಸುತ್ತಾನೆ. ಭವಿಷ್ಯ ನಿಜವಾಯಿತು. ಒಂದು ಶತಮಾನಕ್ಕೂ ಹೆಚ್ಚು ಕಾಲದ ಮೇಲೆ ಜುವೆನಲ್ ಬರೆದ ವಿಡಂಬನೆಯಲ್ಲಿ, ಶಾಲೆಯ ದೀಪಗಳ ಹೊಗೆಯಿಂದ ಮಸಿ ಹಿಡಿದ ಹೊರೇಸನ ಪ್ರತಿಗಳು ಕಾಣಿಸುತ್ತವೆ. ಪಠ್ಯವಾಗುವುದು ಕವಿಗೆ ಬರುವ ಗೌರವವೂ ಹೌದು, ಮಸಿಯೂ ಹೌದು. ಬೇಂದ್ರೆಯವರ ಕಾವ್ಯವೂ ಈಗ ಆ ಘಟ್ಟದಲ್ಲಿದೆ.

ಮಸಿಯನ್ನು ಒರೆಸುವ ಕೆಲಸ ಸಂಶೋಧನೆಯದು. ಪುತ್ರ ವಾಮನ ಬೇಂದ್ರೆಯವರ ಸಂಪಾದನೆಯ 'ಔದುಂಬರಗಾಥೆ'ಯಿಂದ ಸಮಗ್ರ ಕಾವ್ಯ ಓದುಗರ ಕೈಗೆ ಬಂದಿದೆ. ಜಿ.ಎಸ್. ಆಮೂರರ 'ಭುವನದ ಭಾಗ್ಯ'ದಂಥ ಕೃತಿಗಳಿಂದಾಗಿ ಬೇಂದ್ರೆ ದರ್ಶನದ ಚರ್ಚೆಗೆ ಗಟ್ಟಿಯಾದ ತಳಹದಿ ಒದಗಿದೆ. ಇನ್ನು ಆಗಬೇಕಾದದ್ದು ದನಿಯ ಅಧ್ಯಯನ. ಪ್ರತಿ ಕವಿತೆಯಲ್ಲಿಯೂ ಮಾತಾಡುವವರು ಯಾರು, ಕೇಳುವವರು ಯಾರು, ಪ್ರಸಂಗ ಯಾವುದು, ಬಳಸಿದ ನುಡಿಗಟ್ಟಿಗೆ ಧಾರವಾಡದ ಆಡುಮಾತಿನಲ್ಲಿ ಇದ್ದ ಅರ್ಥಛಾಯೆ ಯಾವುದು ಎಂಬುದನ್ನು ಗುರುತಿಸುವ ಟಿಪ್ಪಣಿಗಳು ಬೇಕು. ಆ ಆಡುಮಾತನ್ನು ಮನೆಯಲ್ಲಿ ಕೇಳಿ ಬೆಳೆದ ಪೀಳಿಗೆ ಇರುವಾಗಲೇ ಈ ಕೆಲಸ ನಡೆಯಬೇಕು. ಮುಂದೆ ನಿಘಂಟು ಶಬ್ದದ ಅರ್ಥವನ್ನು ಹೇಳೀತು, ಕೊಂಕನ್ನು ಹೇಳಲಾರದು. ಕವಿಯ ಸ್ವಂತ ವಾಚನದ ಧ್ವನಿಮುದ್ರಣಗಳು, 1972ರಲ್ಲಿ ಗಿರೀಶ ಕಾರ್ನಾಡರು ನಿರ್ದೇಶಿಸಿದ ಸಾಕ್ಷ್ಯಚಿತ್ರ ಇವುಗಳನ್ನು ಸ್ಮರಣಿಕೆಗಳೆಂದು ಇರಿಸದೆ ಪಾಠದ ಆಕರಗಳೆಂದೇ ಬಳಸಬೇಕು. ಜನರ ಬಾಯಲ್ಲಿರುವ ವಿನೋದ ಪ್ರಸಂಗಗಳನ್ನು ಕೂಡ ಸಾಚಾ ಯಾವುದು, ಬೆಳೆದು ಬಂದದ್ದು ಯಾವುದೆಂದು ಜರಡಿ ಹಿಡಿದು ಕವಿತೆಗಳ ಪಕ್ಕದಲ್ಲಿಟ್ಟು ನೋಡಬೇಕಾಗಿದೆ.

ಒಡೆದುನಿಂತ ಎರಡು ಹೊಳೆಗಳು ಕೂಡುವುದು ಅಂಥ ಅಧ್ಯಯನದಲ್ಲಿ. ದಾರ್ಶನಿಕ ಬೇಂದ್ರೆಯವರನ್ನು ಗ್ರಂಥಗಳಲ್ಲಿಯೂ ಚತುರ ಬೇಂದ್ರೆಯವರನ್ನು ಕಟ್ಟೆಯ ಮೇಲೆಯೂ ಹುಡುಕುವ ಶ್ರಮ ಆಗ ಉಳಿಯುತ್ತದೆ. ಅವರಿಬ್ಬರೂ ಒಂದೇ ಕವಿತೆಯ ಒಂದೇ ಸಾಲಿನಲ್ಲಿ ಸಿಗುತ್ತಾರೆ. ಹೊರೇಸನ ಫಸ್ಕಸ್ ತೋಳದ ಕಥೆ ಕೇಳಿ ನಕ್ಕಿರಬೇಕು. ನಕ್ಕು, ನಿರಾಯುಧನಾಗಿ ಹಾಡುತ್ತ ನಡೆಯುವವನ ನಿರ್ಭಯದಲ್ಲಿ ಏನೋ ಸತ್ಯವಿದೆಯೆಂದೂ ಅರಿತಿರಬೇಕು. ಈ ಕ್ರಮದಲ್ಲಿ, ಮೊದಲು ನಕ್ಕು ಆಮೇಲೆ ಅರಿಯುವ ಕೇಳುಗನನ್ನೇ ಇಬ್ಬರ ಕವಿತೆಗಳೂ ಬಯಸುತ್ತವೆ.